ಕಾಲುವೆಯ ಗೇಜು ಎಲ್ಲರ ಕಣ್ಣಿಗೂ ಕಾಣಲಿ

ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ‘ಗೇಜು ಎಷ್ಟಿದೆ?’ ಎಂಬುದು ಮನೆಮನೆಯ ಪ್ರಶ್ನೆ. 1953ರಲ್ಲಿ ನಿರ್ಮಾಣಗೊಂಡ ಜಲಾಶಯದಿಂದ ಹೊರಟು ಸುಮಾರು 227 ಕಿ.ಮೀ. ಸಾಗುವ ಈ ಕಾಲುವೆಯೇ ಕೊಪ್ಪಳ, ರಾಯಚೂರು ಜಿಲ್ಲೆಗಳ ಭತ್ತದ ಗದ್ದೆಗಳಿಗೆ ಜೀವಾಧಾರ. ಬಳಗಾನೂರು, ಸಿಂಧನೂರು, ಮಸ್ಕಿಯ ಭಾಗದ ಒಕ್ಕಲು ಮಕ್ಕಳು ಮುಗಿಲನ್ನು ನೋಡುವಷ್ಟೇ ಕಾತರದಿಂದ ಗೇಜನ್ನೂ ನೋಡುವರು.

ಗೇಜು ಎಂದರೆ ಕಾಲುವೆಯ ಗೋಡೆಗೆ ಬರೆದ ಅಳತೆಪಟ್ಟಿ. ಅದನ್ನು ಒಬ್ಬರು ಹೋಗಿ ನೋಡಿ, ಬರೆದುಕೊಂಡು, ಇತರರಿಗೆ ತಿಳಿಸಬೇಕು. ನಡುರಾತ್ರಿ ಮೇಲ್ಭಾಗದಲ್ಲಿ ಯಾರೋ ತೂಬು ಎತ್ತಿದರೆ ನೀರು ಇಳಿದ ಸಂಗತಿ ಕೊನೆಭಾಗದ ರೈತನಿಗೆ ಕೂಡಲೆ ತಿಳಿಯದು. ತಿಳಿಯುವ ಹೊತ್ತಿಗೆ ಪೈರು ಬಾಡಿರುತ್ತದೆ. ನೆರೆಹೊರೆಯವರಲ್ಲಿ ಸಂಶಯ ಬೆಳೆದಿರುತ್ತದೆ.

ಈ ಕಾವಲನ್ನು ಈಗ ಅಂಗೈಯಗಲದ ಉಪಕರಣವೊಂದು ಮಾಡಬಲ್ಲದು. ಕಿವಿಗೆ ಕೇಳದ ಶಬ್ದವನ್ನು ಅದು ನೀರಿನ ಮೇಲೆ ಬಿಟ್ಟು, ಪ್ರತಿಧ್ವನಿ ಮರಳುವ ಕಾಲದಿಂದ ನೀರಿನವರೆಗಿನ ದೂರವನ್ನು ಲೆಕ್ಕಹಾಕುತ್ತದೆ. ಲೋರಾ ಎಂಬ ರೇಡಿಯೊ ಪದ್ಧತಿಯಿಂದ ಆ ಅಂಕಿಯನ್ನು ಬಯಲುಸೀಮೆಯಲ್ಲಿ ಕೆಲವು ಕಿಲೋಮೀಟರ್ ದೂರಕ್ಕೆ ತಂತಿಯಿಲ್ಲದೆ ಕಳುಹಿಸಬಹುದು. 865ರಿಂದ 867 ಮೆಗಾಹರ್ಟ್ಸ್ ಅಲೆಗಳಲ್ಲಿ ಮಿತ ಶಕ್ತಿಯ ಇಂಥ ಸಾಧನಗಳಿಗೆ ನಮ್ಮ ದೇಶದಲ್ಲಿ ಲೈಸೆನ್ಸ್ ಬೇಕಿಲ್ಲ. ಶಬ್ದದ ಸಂವೇದಕ ಕೆಲವು ನೂರು ರೂಪಾಯಿಗಳಿಗೇ ಸಿಗುತ್ತದೆ; ಚಿಕ್ಕ ಬ್ಯಾಟರಿ, ಅಂಗೈಯಗಲದ ಸೌರಫಲಕ ಇದ್ದರೆ ವಿದ್ಯುತ್ತಿನ ಚಿಂತೆಯಿಲ್ಲ.

ಆದರೆ ಅಗ್ಗದ ಸಾಧನವನ್ನು ಕಣ್ಣು ಮುಚ್ಚಿ ನಂಬಲಾಗದು. ಶಬ್ದದ ವೇಗ 20 ಡಿಗ್ರಿ ಉಷ್ಣದಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್; ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಸುಮಾರು 355. ಈ ಭೇದವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ 2 ಮೀಟರ್ ಕೆಳಗಿರುವ ನೀರು 7 ಸೆಂಟಿಮೀಟರ್ ಮೇಲಿರುವಂತೆ ತೋರುವುದು. ಇಲ್ಲದ ನೀರನ್ನು ಇದೆಯೆಂದು ಹೇಳಿದಂತಾಯಿತು! ಆದ್ದರಿಂದ ಜೊತೆಗೊಂದು ಉಷ್ಣಮಾಪಕ ಇರಬೇಕು. ತೀರ ಸಮೀಪದ ನೀರನ್ನು ಇದು ಅಳೆಯಲಾರದಾದ ಕಾರಣ ತುಂಬು ನೀರಿನ ಮಟ್ಟಕ್ಕಿಂತ ಒಂದಡಿಯಾದರೂ ಎತ್ತರದಲ್ಲಿ ಕಟ್ಟಬೇಕು. ಗೋಡೆಯ ಹಳೆಯ ಗೇಜಿನೊಡನೆ ಆಗಾಗ ತಾಳೆ ನೋಡುತ್ತಿರಬೇಕು.

ನಮ್ಮ ನೆರೆಯ ನಾರಾಯಣಪುರ ಎಡದಂಡೆ ಕಾಲುವೆಯನ್ನು ಆಧುನೀಕರಿಸಿ, ಸ್ವಯಂಚಾಲಿತ ಗೇಟುಗಳನ್ನು ಅಳವಡಿಸಿ, 2023ರ ಜನವರಿ 19ರಂದು ಕೊಡೇಕಲ್ಲಿನಲ್ಲಿ ಉದ್ಘಾಟಿಸಲಾಯಿತು. 4.5 ಲಕ್ಷ ಹೆಕ್ಟೇರಿಗೆ ನೀರುಣಿಸುವ ಕಾಲುವೆಗೆ ಅಂಥ ಸಾವಿರಾರು ಕೋಟಿಯ ಯೋಜನೆ ತಕ್ಕುದೇ. ಊರ ಪಕ್ಕದ ಉಪಕಾಲುವೆಗೆ ಅಷ್ಟು ಬೇಕಿಲ್ಲ. ನೀರಾವರಿ ಇಲಾಖೆಯ ಅನುಮತಿ ಪಡೆದು, ಮೊದಲಿಗೊಂದು, ಕೊನೆಗೊಂದು ಉಪಕರಣ ಕಟ್ಟಿದರೆ ಸಾಕು. ಡಿಪ್ಲೊಮಾ ಓದಿದ ಊರ ತರುಣರೇ ಅದನ್ನು ನೋಡಿಕೊಂಡಾರು.

ನಾವು ಒತ್ತಿ ಹೇಳುವ ಮಾತೊಂದಿದೆ. ಆ ಎರಡು ಅಂಕಿಗಳು ಅಧಿಕಾರಿಯ ಫೋನಿನಲ್ಲೋ ಮುಖಂಡರ ಕಿಸೆಯಲ್ಲೋ ಉಳಿಯಬಾರದು. ಊರ ಪಂಚಾಯಿತಿಯ ಹಲಗೆಯ ಮೇಲೆ ದಿನವೂ ಬರೆಯಲ್ಪಡಬೇಕು. ಮೇಲಿನ ಹೊಲದವನೂ ಕೊನೆಯ ಹೊಲದವನೂ ಒಂದೇ ಅಂಕಿಯನ್ನು ಓದಿ ಮಾತಿಗೆ ಕುಳಿತರೆ, ಇದ್ದಷ್ಟು ನೀರನ್ನು ಹಂಚಿಕೊಳ್ಳುವ ದಾರಿ ತಾನಾಗಿ ತೋರೀತು.