ಬೆಳಕಿನಲ್ಲಿ ಬರೆದು ಅಳಿಸುವ ಚೀಟಿ

ಮೇಲೆ ಬಿದ್ದ ಬೆಳಕನ್ನು ಹೀರಿಕೊಂಡು, ದೀಪ ಆರಿದ ಮೇಲೂ ಸ್ವಲ್ಪ ಹೊತ್ತು ಹೊಳೆಯುತ್ತಲೇ ಇರುವ ಗುಣಕ್ಕೆ ಸ್ಫುರದೀಪ್ತಿ ಎಂದು ಹೆಸರು. ಇಂಗಾಲವೇ ಪ್ರಧಾನವಾಗಿರುವ ಸಾವಯವ ಅಣುಗಳಿಂದ ಈ ಹೊಳಪನ್ನು ಪಡೆದು, ಅದರಲ್ಲಿ ಮಾಹಿತಿಯನ್ನು ಬರೆದು, ಓದಿ, ಅಳಿಸಿ, ಕೆಲಸ ಮುಗಿದ ಮೇಲೆ ಕೊಳೆತುಹೋಗುವ ಚೀಟಿಗಳನ್ನು ತಯಾರಿಸುವುದು ಇಂದಿನ ರಸಾಯನಶಾಸ್ತ್ರದ ಒಂದು ಗುರಿಯಾಗಿದೆ.

ಬೀಜಾಡಿಯಂಥ ಕಡಲಂಚಿನ ಊರಿನವರಿಗೆ ಇದನ್ನು ಓದುವಾಗ, ಉಡುಪಿ ಜಿಲ್ಲೆಯ ಕರಾವಳಿಯಲ್ಲಿ ಕೆಲವು ರಾತ್ರಿ ಅಲೆ ಒಡೆಯುವಲ್ಲಿ ಕಾಣುವ ನೀಲಿ ಹೊಳಪು ನೆನಪಾಗುವುದು ಸಹಜ. ಆದರೆ ಅದರ ಬಗೆಯೇ ಬೇರೆ: ಅಲ್ಲಿ ನಾಕ್ಟಿಲೂಕಾ ಎಂಬ ಸೂಕ್ಷ್ಮಜೀವಿಯ ಒಡಲಿನ ಲೂಸಿಫೆರಿನ್ ಎಂಬ ರಾಸಾಯನಿಕವು ಆಮ್ಲಜನಕದೊಡನೆ ಸೇರಿದಾಗ ಬೆಳಕು ಹುಟ್ಟುತ್ತದೆ, ಸ್ಫುರದೀಪ್ತಿಗೆ ಅದೇ ಆಮ್ಲಜನಕ ವೈರಿ. ಬೆಳಕು ತಾಗಿದ ಅಣುವಿನ ಎಲೆಕ್ಟ್ರಾನು ತ್ರಿಕ ಸ್ಥಿತಿ ಎಂಬ, ಬೇಗನೆ ಕೆಳಗಿಳಿಯಲು ಆಗದ ಶಕ್ತಿಮಟ್ಟದಲ್ಲಿ ಸಿಕ್ಕಿಕೊಂಡು, ನಿಧಾನವಾಗಿ ಬೆಳಕನ್ನು ಬಿಡಬೇಕು. ಅಷ್ಟರಲ್ಲಿ ಅಣು ಅಲುಗಾಡಿದರೆ ಶಕ್ತಿ ಶಾಖವಾಗಿ ಸೋರುತ್ತದೆ, ಆಮ್ಲಜನಕ ತಗುಲಿದರೆ ಅದು ಆ ಶಕ್ತಿಯನ್ನು ಕಸಿದುಕೊಳ್ಳುತ್ತದೆ.

ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ಸೆಬಾಸ್ಟಿಯನ್ ರೈನೆಕೆ ಅವರ ತಂಡ 2019ರಲ್ಲಿ ಈ ವೈರವನ್ನೇ ಬರವಣಿಗೆಯ ಸಾಧನವನ್ನಾಗಿ ಮಾಡಿಕೊಂಡಿತು. ಹೊಳೆಯುವ ಅಣುಗಳನ್ನು ಬೆರೆಸಿದ ಅಕ್ರಿಲಿಕ್ ಪದರದ ಮೇಲೆ ಆಮ್ಲಜನಕವನ್ನು ತಡೆಯುವ ಇನ್ನೊಂದು ಪದರವನ್ನು ಹಚ್ಚಿ, ಅಚ್ಚಿನ ಮೂಲಕ ಅತಿನೇರಳೆ ಕಿರಣವನ್ನು ಹಾಯಿಸಿದರೆ, ಕಿರಣ ಬಿದ್ದಲ್ಲಿ ಒಳಗಿನ ಆಮ್ಲಜನಕ ರಾಸಾಯನಿಕ ಕ್ರಿಯೆಯಲ್ಲಿ ಖರ್ಚಾಗಿ, ಆ ಭಾಗ ಮಾತ್ರ ಹೊಳೆಯತೊಡಗುತ್ತದೆ. ಬಿಸಿ ಮಾಡಿದರೆ ಹೊರಗಿನ ಆಮ್ಲಜನಕ ಮತ್ತೆ ಒಳಸೇರಿ, ಬರೆದದ್ದು ಅಳಿಸಿಹೋಗುತ್ತದೆ. ಶಾಯಿಯೇ ಬೇಡದ ಈ ಬರಹದ ಸರಳತೆ ನಿಜಕ್ಕೂ ಮೆಚ್ಚುವಂಥದ್ದು.

ಕರ್ನಾಟಕದಲ್ಲೂ ಇದಕ್ಕೆ ಸಮೀಪದ ಕೆಲಸ ನಡೆದಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸುಬಿ ಜೇಕಬ್ ಜಾರ್ಜ್ ಅವರ ತಂಡ, ಸಾವಯವ ಅಣುಗಳನ್ನು ಲ್ಯಾಪೊನೈಟ್ ಎಂಬ ಜೇಡಿಮಣ್ಣಿನ ಅತಿಸೂಕ್ಷ್ಮ ಬಿಲ್ಲೆಗಳ ಮೇಲೆ ಅಲುಗದಂತೆ ಕೂರಿಸಿ, ನೀರಿನಲ್ಲೂ ಸ್ಫುರದೀಪ್ತಿಯನ್ನು ಪಡೆಯಬಹುದೆಂದು 2018ರಲ್ಲಿ ತೋರಿಸಿತು. 2020ರಲ್ಲಿ ಅವರಿಗೆ ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ ಬಂದಿತು. ನೀರಿನಲ್ಲೂ ಹೊಳಪು ಪಡೆದ ಈ ಸಾಧನೆಯ ಬೆಲೆ ಕರಾವಳಿಯಲ್ಲಿ ಚೆನ್ನಾಗಿ ತಿಳಿಯುತ್ತದೆ, ಏಕೆಂದರೆ ಹೊಳೆಯುವ ಅಣುಗಳನ್ನು ಹಿಡಿದಿಡುವ ಪಾಲಿವಿನೈಲ್ ಆಲ್ಕೊಹಾಲಿನಂಥ ಹಾಳೆಗಳು ತೇವವನ್ನು ಹೀರಿ ಸಡಿಲಗೊಂಡಾಗ ಒಳಗಿನ ಅಣುಗಳು ಅಲುಗಾಡಿ ಹೊಳಪು ಕುಂದುತ್ತದೆ, ಬೀಜಾಡಿಯ ಮಳೆಗಾಲವೋ ತೇವದ್ದೇ ರಾಜ್ಯ.

ಅಕ್ರಿಲಿಕ್ ಕೊಳೆಯುವುದಿಲ್ಲವಾದ್ದರಿಂದ ಬದಲಿ ಹಾಳೆ ಬೇಕು. ಪಿಷ್ಟ ಮತ್ತು ಸೆಲ್ಯುಲೋಸ್ ತಾವೇ ಮಂದವಾಗಿ ಸ್ಫುರಿಸುತ್ತವೆ. ಸಿಗಡಿಯ ಚಿಪ್ಪಿನಿಂದ ತೆಗೆಯುವ ಕೈಟೊಸಾನ್ ತೆಳುಹಾಳೆಯಾಗಬಲ್ಲದು. ಸಸ್ಯಮೂಲದ ಪಾಲಿಲ್ಯಾಕ್ಟಿಕ್ ಆಮ್ಲವು ಸುಮಾರು 58 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೊಬ್ಬರದ ಘಟಕದಲ್ಲಿ ಬೇಗ ಕೊಳೆತರೂ ಕಡಲನೀರಿನಲ್ಲಿ ಬಹುಕಾಲ ಹಾಗೆಯೇ ಉಳಿಯುತ್ತದೆ. ಬಿಸಿಗೆ ಅಳಿಸಿ, ಕೊನೆಗೆ ಕೊಳೆಯಬೇಕಾದ ಇಂಥ ಚೀಟಿ ದಾಖಲೆಪತ್ರಗಳಿಗಿಂತ, ಗಂಗೊಳ್ಳಿ ಬಂದರಿನಿಂದ ಹೊರಡುವ ಮೀನಿನ ಪೆಟ್ಟಿಗೆಯ ಮೇಲಿನಂಥ, ಕೆಲವೇ ದಿನ ಬಾಳುವ ಮಾಹಿತಿಗೆ ಹೆಚ್ಚು ಸಲ್ಲುತ್ತದೆ. ಅಲ್ಲಿಯೂ ತೊಡಕುಗಳಿವೆ: ಬಿಸಿಲಿನಲ್ಲಿಯೂ ಅತಿನೇರಳೆ ಕಿರಣಗಳಿರುವುದರಿಂದ, ತಡೆಯಿಲ್ಲದೆ ಹೊರಗಿಟ್ಟರೆ ಅಕ್ಷರಗಳ ಜೊತೆಗೆ ಇಡೀ ಹಾಳೆಯೇ ಬೆಳಗಿ, ಬರೆದದ್ದು ಓದಲಾಗದೆ ಹೋದೀತು. ಹಾಳೆ ಕೊಳೆತ ಮೇಲೆ ಅದರೊಳಗಿದ್ದ ಹೊಳೆಯುವ ಅಣು, ಎಷ್ಟೇ ಅಲ್ಪ ಪ್ರಮಾಣದಲ್ಲಿದ್ದರೂ, ಮಣ್ಣಿಗೂ ಮೀನಿಗೂ ಏನು ಮಾಡುತ್ತದೆ ಎಂಬುದನ್ನು ಪರೀಕ್ಷಿಸದೆ ಇಡೀ ಚೀಟಿಯನ್ನು ಕೊಳೆಯುವ ವಸ್ತುವೆಂದು ಮಾರುವುದು ಸರಿಯಾಗದು.