ಈಟಿ ಯಾರದ್ದು?

ಬಳ್ಳಾರಿಯಿಂದ ಹೊಸಪೇಟೆ ಕಡೆ ಹೊರಟರೆ ತೋರಣಗಲ್ಲು ಸಿಗುತ್ತದೆ. 2019ರಲ್ಲಿ ಮೊಣಕೈ ಆಪರೇಷನ್ ಆದ ಮೇಲೆ ನೀರಜ್ ಚೋಪ್ರಾ ಚೇತರಿಸಿಕೊಂಡದ್ದು ಅಲ್ಲಿನ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ. ಅದಕ್ಕೇ 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ ಅವರು 87.58 ಮೀಟರ್ ಈಟಿ ಎಸೆದು ಚಿನ್ನ ಗೆದ್ದಾಗ ಸಿರುಗುಪ್ಪ, ಕುರುಗೋಡು ಕಡೆಯ ನಾವೂ 'ನಮ್ಮ ಹುಡುಗ' ಅಂದೆವು. ಹರಿಯಾಣದವರಾದರೇನು!

ಆ ಖುಷಿ ಆರುವ ಮೊದಲೇ ಗಲಾಟೆ ಶುರುವಾಯ್ತು. ಫೈನಲ್‌ನಲ್ಲಿ ನೀರಜ್ ಅವರ ಈಟಿ ಪಾಕಿಸ್ತಾನದ ಅರ್ಷದ್ ನದೀಮ್ ಕೈಯಲ್ಲಿತ್ತು ಅಂತ ಮೊಬೈಲಲ್ಲಿ ಏನೇನೋ ಹರಿದಾಡಿತು. ಅಂಥ ಹೊತ್ತಲ್ಲಿ ನಮ್ಮ ಮನೆಗಳಲ್ಲಿ ಟಿವಿ ಸೌಂಡ್ ತಾನಾಗೇ ಕಡಿಮೆಯಾಗುತ್ತದೆ, ಗೊತ್ತಲ್ಲ. ಕೊನೆಗೆ ನೀರಜ್ ಅವರೇ ವಿಡಿಯೊ ಮಾಡಿದರು: ಸ್ಪರ್ಧೆಗೆ ಇಟ್ಟ ಈಟಿಯನ್ನು ಯಾರು ಬೇಕಾದರೂ ಬಳಸಬಹುದು, ಅದು ನಿಯಮ, ನನ್ನ ಹೆಸರು ಹೇಳಿಕೊಂಡು ಕೊಳಕು ಹಬ್ಬಿಸಬೇಡಿ ಎಂದರು.

2024ರ ಆಗಸ್ಟ್ 8, ಪ್ಯಾರಿಸ್. ಅರ್ಷದ್ 92.97 ಮೀಟರ್ ಎಸೆದರು, ಒಲಿಂಪಿಕ್ ದಾಖಲೆ. ನೀರಜ್ 89.45. ಟೋಕಿಯೊಗಿಂತ ಹೆಚ್ಚೇ, ಆದರೂ ಬೆಳ್ಳಿ. ಚಿನ್ನ ಹೋಯಿತಲ್ಲಾ ಅಂತ ನಾವಿಲ್ಲಿ ಪೇಚಾಡುತ್ತಿದ್ದರೆ, ಗೆದ್ದವನೂ ನಮ್ಮ ಮಗನೇ ಅಂದರು ನೀರಜ್ ತಾಯಿ ಸರೋಜ್ ದೇವಿ. ಅತ್ತ ಅರ್ಷದ್ ತಾಯಿ, ನೀರಜ್‌ಗೂ ದುಆ ಮಾಡಿದ್ದೆ ಅಂದರು.