ಮೊಗಸಾಲೆಯ ಮಾಜಿಗಳು

ಇತಿಹಾಸಕಾರರೊಬ್ಬರಿಗೆ ತಿಂಗಳಿಗೆ 25 ಸಾವಿರ ಡಾಲರ್ ಸಂಭಾವನೆ ಕೊಡುವ ಸಂಸ್ಥೆ ಜಗತ್ತಿನಲ್ಲಿ ಎಲ್ಲಾದರೂ ಉಂಟೆ? ಅಮೆರಿಕದಲ್ಲಿ ಇತ್ತು. ಅದು ವಿಶ್ವವಿದ್ಯಾಲಯವಲ್ಲ, ಸಂಶೋಧನಾ ಕೇಂದ್ರವೂ ಅಲ್ಲ. ಬ್ಯಾಂಕುಗಳಿಂದ ಗೃಹಸಾಲಗಳನ್ನು ಖರೀದಿಸುವ ಫ್ರೆಡ್ಡಿ ಮ್ಯಾಕ್ ಎಂಬ ಹಣಕಾಸು ಸಂಸ್ಥೆ. ಸಂಭಾವನೆ ಪಡೆದವರು ನ್ಯೂಟ್ ಗಿಂಗ್ರಿಚ್. 1995ರಿಂದ 1999ರ ಆರಂಭದವರೆಗೆ ಅಮೆರಿಕದ ಜನಪ್ರತಿನಿಧಿ ಸಭೆಯ ಸ್ಪೀಕರ್ ಆಗಿದ್ದವರು.

ಅಧಿಕಾರ ಬಿಟ್ಟ ನಂತರದ ವರ್ಷಗಳಲ್ಲಿ ಅವರ ಸಲಹಾ ಸಂಸ್ಥೆಗೆ ಫ್ರೆಡ್ಡಿ ಮ್ಯಾಕ್‌ನಿಂದ ಸಂದಾಯವಾದ ಹಣ 16 ಲಕ್ಷ ಡಾಲರ್‌ಗೂ ಕಡಿಮೆಯಲ್ಲ. 2008ರಲ್ಲಿ ಆ ಸಂಸ್ಥೆ ಮುಳುಗುವ ಸ್ಥಿತಿಗೆ ಬಂದು, ಸರ್ಕಾರವೇ ಅದರ ಆಡಳಿತವನ್ನು ವಹಿಸಿಕೊಳ್ಳಬೇಕಾಯಿತು. 2011ರ ನವೆಂಬರ್‌ನಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಸ್ಥಾನಕ್ಕೆ ಗಿಂಗ್ರಿಚ್ ಸ್ಪರ್ಧಿಸಿದ್ದಾಗ, ಆ ಹಣ ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಚರ್ಚಾಕೂಟವೊಂದರಲ್ಲಿ ಎದುರಾಯಿತು. ತಾವು ಲಾಬಿ ಮಾಡಿಲ್ಲ, ಇತಿಹಾಸಕಾರನಾಗಿ ಸಲಹೆ ಕೊಟ್ಟಿದ್ದೇನೆ ಎಂದು ಅವರು ಉತ್ತರಿಸಿದರು. ಅವರು ಇತಿಹಾಸದಲ್ಲಿ ಡಾಕ್ಟರೇಟ್ ಪಡೆದು ಕಾಲೇಜಿನಲ್ಲಿ ಪಾಠ ಹೇಳಿದ್ದವರೆಂಬುದು ನಿಜ. ಆದರೆ ಆ ದೇಶದಲ್ಲಿ ಇತಿಹಾಸ ಕಲಿಸುವವರು ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಮಾಜಿ ಸ್ಪೀಕರ್ ಆಗಿದ್ದವರು ತೀರಾ ವಿರಳ.

ಗಿಂಗ್ರಿಚ್ ಲಾಬಿಗಾರರ ನೋಂದಣಿ ಪುಸ್ತಕದಲ್ಲಿ ಹೆಸರು ಬರೆಸಿರಲಿಲ್ಲ. ಅವರು ಕಾನೂನು ಮುರಿದರೆಂದು ಯಾವ ನ್ಯಾಯಾಲಯವೂ ಹೇಳಿಲ್ಲ. ಸಮಸ್ಯೆ ಇರುವುದೇ ಅಲ್ಲಿ. ಕಾನೂನನ್ನು ಮುರಿದವರನ್ನು ಹಿಡಿಯಬಹುದು; ಕಾನೂನಿನ ಪಕ್ಕದಲ್ಲೇ ಹಾದುಹೋಗುವವರನ್ನು ಹಿಡಿಯುವುದು ಹೇಗೆ?

ಶಾಸನಸಭೆಯ ಹೊರಾಂಗಣಕ್ಕೆ ಕನ್ನಡದಲ್ಲಿ ‘ಮೊಗಸಾಲೆ’ ಎಂಬ ಸೊಗಸಾದ ಪದವಿದೆ. ಸದನದೊಳಗೆ ಕಾಲಿಡಲಾರದವರು ಸದಸ್ಯರನ್ನು ಕಂಡು ಅಹವಾಲು ಹೇಳಿಕೊಳ್ಳುವ ಜಾಗವದು. ಲಾಬಿ ಎಂಬ ಇಂಗ್ಲಿಷ್ ಪದದ ಮೂಲಾರ್ಥವೂ ಅದೇ. ಅಹವಾಲು ಹೇಳಿಕೊಳ್ಳುವುದು ಅಪರಾಧವಲ್ಲ. ಅಮೆರಿಕದಲ್ಲಿ ಅದು ಸಂವಿಧಾನದ ಮೊದಲ ತಿದ್ದುಪಡಿಯೇ ಕೊಟ್ಟ ಹಕ್ಕು. ರೈತ ಸಂಘಗಳೂ ಕಾರ್ಮಿಕ ಒಕ್ಕೂಟಗಳೂ ಅಂಗವಿಕಲರ ಸಂಘಟನೆಗಳೂ ಅಲ್ಲಿ ಲಾಬಿ ಮಾಡುತ್ತವೆ. ಪ್ರಜಾಪ್ರಭುತ್ವ ಕೇಳುವುದು ಇಷ್ಟನ್ನೇ: ಯಾರು, ಯಾರ ಪರವಾಗಿ, ಎಷ್ಟು ಹಣ ಪಡೆದು ಮಾತನಾಡುತ್ತಿದ್ದಾರೆ ಎಂಬುದು ಜನರಿಗೆ ತಿಳಿಯಲಿ.

ಈ ಉದ್ದೇಶದಿಂದ ಅಮೆರಿಕ 1946ರಲ್ಲೇ ಒಂದು ಕಾನೂನು ಮಾಡಿತು. 1954ರಲ್ಲಿ ಸುಪ್ರೀಂ ಕೋರ್ಟ್ ಅದರ ವ್ಯಾಪ್ತಿಯನ್ನು ಕಿರಿದಾಗಿಸಿದ ಮೇಲೆ ಅದು ಬಹುಮಟ್ಟಿಗೆ ನಿರುಪಯುಕ್ತವಾಯಿತು. ಈಗ ಜಾರಿಯಲ್ಲಿರುವುದು 1995ರ ಲಾಬಿ ಬಹಿರಂಗಪಡಿಸುವಿಕೆ ಕಾಯ್ದೆ. ಅದರ ಪ್ರಕಾರ ಲಾಬಿಗಾರ ಎನಿಸಿಕೊಳ್ಳಲು ಮೂರು ಲಕ್ಷಣಗಳು ಬೇಕು. ಕೆಲಸಕ್ಕೆ ಹಣ ಪಡೆದಿರಬೇಕು. ಶಾಸಕರನ್ನೋ ಉನ್ನತ ಅಧಿಕಾರಿಗಳನ್ನೋ ಒಂದಕ್ಕಿಂತ ಹೆಚ್ಚು ಸಲ ಸಂಪರ್ಕಿಸಿರಬೇಕು. ಜೊತೆಗೆ, ಆ ಕಕ್ಷಿದಾರನಿಗಾಗಿ ಮೂರು ತಿಂಗಳಲ್ಲಿ ವ್ಯಯಿಸಿದ ಸಮಯದಲ್ಲಿ ಕನಿಷ್ಠ ಶೇ 20ರಷ್ಟು ಲಾಬಿ ಚಟುವಟಿಕೆಗೇ ಹೋಗಿರಬೇಕು.

ಈ ಮೂರನೆಯ ಲಕ್ಷಣವೇ ಮಾಜಿ ಶಾಸಕರ ಪಾಲಿನ ಹಿತ್ತಿಲ ಬಾಗಿಲು. ಒಬ್ಬರು ಕಂಪನಿಯೊಂದಕ್ಕೆ ಮೂರು ತಿಂಗಳಲ್ಲಿ ನೂರು ಗಂಟೆ ದುಡಿದರೆಂದುಕೊಳ್ಳೋಣ. ಅದರಲ್ಲಿ 19 ಗಂಟೆ ಲಾಬಿ. ಉಳಿದದ್ದು ಆಡಳಿತ ಮಂಡಳಿಯ ಸಭೆ, ಭಾಷಣ, ರಾಜಕೀಯದ ಗಾಳಿ ಎತ್ತ ಬೀಸುತ್ತಿದೆ ಎಂಬ ಮುನ್ನೋಟ. ಅಲ್ಲಿಗೆ ಅವರು ಲಾಬಿಗಾರರಲ್ಲ, ‘ಕಾರ್ಯತಂತ್ರ ಸಲಹೆಗಾರರು’. ಕಡತ ಹಿಡಿದು ದಿನವಿಡೀ ಕಚೇರಿಯಿಂದ ಕಚೇರಿಗೆ ಅಲೆಯುವ ಕಿರಿಯ ಉದ್ಯೋಗಿಯ ಹೆಸರು ಪುಸ್ತಕದಲ್ಲಿರುತ್ತದೆ. ಹತ್ತು ನಿಮಿಷದ ದೂರವಾಣಿ ಕರೆಯಲ್ಲಿ ಅದೇ ಕಚೇರಿಯ ಬಾಗಿಲು ತೆರೆಸಿದ ಹಿರಿಯರ ಹೆಸರು ಇರುವುದಿಲ್ಲ. ಕಾನೂನು ಗಂಟೆಗಳನ್ನು ಅಳೆಯುತ್ತದೆ. ಮಾಜಿ ಶಾಸಕ ಮಾರುವುದು ಗಂಟೆಗಳನ್ನಲ್ಲ, ಪರಿಚಯವನ್ನು. ಪರಿಚಯ ಗಾಢವಾದಷ್ಟೂ ಕೆಲಸಕ್ಕೆ ಬೇಕಾದ ಸಮಯ ಕಡಿಮೆ. ಹೀಗಾಗಿ ಯಾರ ಪ್ರಭಾವ ಹೆಚ್ಚೋ ಅವರೇ ಈ ಜರಡಿಯಿಂದ ಸಲೀಸಾಗಿ ಜಾರಿಹೋಗುತ್ತಾರೆ.

ಇದು ಒಂದು ಪಕ್ಷದವರ ಚಾಳಿಯಲ್ಲ. ಡೆಮಾಕ್ರಟಿಕ್ ಪಕ್ಷದ ಟಾಮ್ ಡ್ಯಾಶಲ್ ಸೆನೆಟ್‌ನ ಬಹುಮತ ಪಕ್ಷದ ನಾಯಕರಾಗಿದ್ದವರು. 2004ರ ಚುನಾವಣೆಯಲ್ಲಿ ಸೋತ ನಂತರ ದೊಡ್ಡ ವಕೀಲರ ಸಂಸ್ಥೆಯೊಂದನ್ನು ಸೇರಿದರು. ಅವರು ವಕೀಲರಲ್ಲ; ಹುದ್ದೆಯ ಹೆಸರು ‘ವಿಶೇಷ ನೀತಿ ಸಲಹೆಗಾರ’. ಲಾಬಿಗಾರರೆಂದು ನೋಂದಣಿಯೂ ಆಗಿರಲಿಲ್ಲ. ಬರಾಕ್ ಒಬಾಮ ಅವರನ್ನು ಆರೋಗ್ಯ ಇಲಾಖೆಯ ಮುಖ್ಯಸ್ಥ ಸ್ಥಾನಕ್ಕೆ ಹೆಸರಿಸಿದಾಗ, ಹಿಂದಿನ ಎರಡು ವರ್ಷಗಳಲ್ಲಿ ವಿವಿಧ ಮೂಲಗಳಿಂದ ಅವರು 50 ಲಕ್ಷ ಡಾಲರ್‌ಗೂ ಹೆಚ್ಚು ಗಳಿಸಿದ್ದು ಹೊರಬಂತು. 2009ರ ಫೆಬ್ರುವರಿಯಲ್ಲಿ ಅವರು ಹಿಂದೆ ಸರಿಯಬೇಕಾಯಿತು. ಕಾರಣ ಲಾಬಿಯಲ್ಲ. ಉದ್ಯಮಿಯೊಬ್ಬರು ಒದಗಿಸಿದ್ದ ಕಾರು ಮತ್ತು ಚಾಲಕನ ಸೌಲಭ್ಯಕ್ಕೆ ಆದಾಯ ತೆರಿಗೆ ಕಟ್ಟದಿದ್ದದ್ದು! ಅವರು ಕೊನೆಗೆ ಲಾಬಿಗಾರರೆಂದು ಹೆಸರು ಬರೆಸಿದ್ದು 2016ರಲ್ಲಿ, ಆರೋಗ್ಯ ವಿಮಾ ಕಂಪನಿಯೊಂದರ ಪರವಾಗಿ. ಸೆನೆಟ್ ಬಿಟ್ಟು ಆಗ 11 ವರ್ಷಗಳಾಗಿದ್ದವು.

ಸುಧಾರಣೆಯ ಪ್ರಯತ್ನಗಳೇ ಇಲ್ಲವೆಂದಲ್ಲ. ಲಾಬಿಗಾರ ಜಾಕ್ ಅಬ್ರಮಾಫ್‌ನ ಹಗರಣ ಬಯಲಾದ ಮೇಲೆ, 2007ರಲ್ಲಿ ನಿಯಮಗಳನ್ನು ಬಿಗಿಗೊಳಿಸಲಾಯಿತು. ನಿವೃತ್ತ ಸೆನೆಟರ್‌ಗಳು ಎರಡು ವರ್ಷ, ಜನಪ್ರತಿನಿಧಿ ಸಭೆಯ ಮಾಜಿ ಸದಸ್ಯರು ಒಂದು ವರ್ಷ ಹಳೆಯ ಸಹೋದ್ಯೋಗಿಗಳ ಬಳಿ ಲಾಬಿ ಮಾಡುವಂತಿಲ್ಲ. ಆದರೆ ತೆರೆಯ ಹಿಂದೆ ಕುಳಿತು, ಯಾರನ್ನು ಹೇಗೆ ಒಲಿಸಿಕೊಳ್ಳಬೇಕೆಂದು ಹೇಳಿಕೊಡಲು ಅಡ್ಡಿಯಿಲ್ಲ. ಅದಕ್ಕೂ ಮುನ್ನ 2006ರಲ್ಲಿ, ನೋಂದಾಯಿತ ಲಾಬಿಗಾರರಾದ ಮಾಜಿ ಸದಸ್ಯರಿಗೆ ಸದನದೊಳಗಿನ ಪ್ರವೇಶವನ್ನೂ ಸದಸ್ಯರ ವ್ಯಾಯಾಮಶಾಲೆಯ ಸೌಲಭ್ಯವನ್ನೂ ನಿಲ್ಲಿಸಲಾಗಿತ್ತು. 2009ರ ಜನವರಿಯಲ್ಲಿ ಒಬಾಮ ಆದೇಶವೊಂದನ್ನು ಹೊರಡಿಸಿ, ಇತ್ತೀಚೆಗೆ ಲಾಬಿಗಾರರಾಗಿದ್ದವರು ತಾವು ಲಾಬಿ ಮಾಡಿದ ಇಲಾಖೆಗಳಲ್ಲೇ ಹುದ್ದೆ ಪಡೆಯುವುದನ್ನು ನಿರ್ಬಂಧಿಸಿದರು.

ಇವೆಲ್ಲ ಒಳ್ಳೆಯ ಉದ್ದೇಶದ ಕ್ರಮಗಳೇ. ಪರಿಣಾಮ ಮಾತ್ರ ತಿರುವುಮುರುವು. ಹೆಸರು ಬರೆಸಿದವನಿಗೆ ದಂಡನೆ, ಬರೆಸದವನಿಗೆ ಬಹುಮಾನ ಎಂಬಂತಾಯಿತು. 2007ರಲ್ಲಿ ಸುಮಾರು 15 ಸಾವಿರದಷ್ಟಿದ್ದ ನೋಂದಾಯಿತ ಲಾಬಿಗಾರರ ಸಂಖ್ಯೆ ಮುಂದಿನ ವರ್ಷಗಳಲ್ಲಿ 12 ಸಾವಿರದ ಆಸುಪಾಸಿಗೆ ಕುಸಿಯಿತು. ಲಾಬಿಗೆ ಸುರಿದ ಹಣವೇನೂ ಹಾಗೆ ಕರಗಲಿಲ್ಲ. 2022ರಿಂದೀಚೆಗೆ ಲೆಕ್ಕಕ್ಕೆ ಸಿಕ್ಕ ಮೊತ್ತವೇ ವರ್ಷಕ್ಕೆ 400 ಕೋಟಿ ಡಾಲರ್ ಮೀರಿದೆ. ಲೆಕ್ಕಕ್ಕೆ ಸಿಗದವರ ಗಳಿಕೆ ಆ ಮೊತ್ತದಲ್ಲಿ ಸೇರಿಲ್ಲ.

ನೋಂದಣಿ ಮಾಡಿಸದವರಿಗೆ ಐದು ವರ್ಷಗಳವರೆಗೆ ಸೆರೆವಾಸ ವಿಧಿಸಲು 2007ರ ತಿದ್ದುಪಡಿಯಲ್ಲಿ ಅವಕಾಶವಿದೆ. ಆ ಕಲಮಿನಡಿ ಕ್ರಿಮಿನಲ್ ಮೊಕದ್ದಮೆ ಎದುರಿಸಿದ ಮೊದಲ ವ್ಯಕ್ತಿ ಕಾಣಿಸಿಕೊಂಡದ್ದು 2020ರಲ್ಲಿ. ಆತ ಬೇರಾರೂ ಅಲ್ಲ, ಅದೇ ಅಬ್ರಮಾಫ್! ಯಾರ ಹಗರಣದಿಂದ ಕಾನೂನು ಹುಟ್ಟಿತೋ ಅವನನ್ನೇ ಹಿಡಿಯಲು ಅದಕ್ಕೆ 13 ವರ್ಷ ಬೇಕಾಯಿತು. ಆ ಅವಧಿಯಲ್ಲಿ ಒಬ್ಬ ಮಾಜಿ ಶಾಸಕನೂ ಈ ಬಲೆಗೆ ಬೀಳಲಿಲ್ಲ.

ಬ್ರಿಟನ್ನಿನ ಕಥೆಯೂ ಭಿನ್ನವಲ್ಲ. ಲಾಬಿಯೇ ಮುಂದಿನ ದೊಡ್ಡ ಹಗರಣವಾಗಲಿದೆ ಎಂದು 2010ರಲ್ಲಿ ಎಚ್ಚರಿಸಿದವರು, ಆಗ ವಿರೋಧ ಪಕ್ಷದ ನಾಯಕರಾಗಿದ್ದ ಡೇವಿಡ್ ಕ್ಯಾಮರನ್. ಅವರೇ ಪ್ರಧಾನಿಯಾಗಿದ್ದಾಗ, 2014ರಲ್ಲಿ ಲಾಬಿಗಾರರ ನೋಂದಣಿ ಕಾನೂನು ಬಂತು. 2016ರಲ್ಲಿ ಅಧಿಕಾರ ಬಿಟ್ಟ ಅವರು 2018ರಲ್ಲಿ ಗ್ರೀನ್‌ಸಿಲ್ ಕ್ಯಾಪಿಟಲ್ ಎಂಬ ಹಣಕಾಸು ಕಂಪನಿಗೆ ಸಲಹೆಗಾರರಾದರು. 2020ರಲ್ಲಿ ಕೋವಿಡ್ ಕಾಲದ ಸರ್ಕಾರಿ ನೆರವು ಯೋಜನೆಯಲ್ಲಿ ಆ ಕಂಪನಿಗೂ ಪಾಲು ಕೊಡಿಸಲು ಹಣಕಾಸು ಸಚಿವ ರಿಷಿ ಸುನಕ್ ಅವರ ಮೊಬೈಲ್‌ಗೇ ಸಂದೇಶ ಕಳುಹಿಸಿದರು. ಸರ್ಕಾರ ಒಪ್ಪಲಿಲ್ಲ, 2021ರ ಮಾರ್ಚ್‌ನಲ್ಲಿ ಕಂಪನಿ ಕುಸಿದುಬಿತ್ತು. ಕ್ಯಾಮರನ್ ನೋಂದಣಿ ಮಾಡಿಸಬೇಕಿತ್ತೇ ಎಂದು ವಿಚಾರಿಸಿದ ನೋಂದಣಾಧಿಕಾರಿ, ಅಗತ್ಯವಿರಲಿಲ್ಲ ಎಂದರು. ಏಕೆಂದರೆ ಆ ಕಾನೂನು ಅನ್ವಯಿಸುವುದು ಹಲವರ ಪರ ಕೆಲಸ ಮಾಡುವ ಹೊರಗಿನ ಲಾಬಿ ಸಂಸ್ಥೆಗಳಿಗೆ. ಕ್ಯಾಮರನ್ ಕಂಪನಿಯ ನೌಕರರಾಗಿದ್ದರು. ಸಂಸತ್ತಿನ ಸಮಿತಿ ಅವರ ವಿವೇಚನೆಯನ್ನು ಕಟುವಾಗಿ ಟೀಕಿಸಿದ್ದಷ್ಟೇ ಉಳಿಯಿತು. ಬೇಲಿ ಹಾಕಿಸಿದವರಿಗೇ ಅದರ ಕಿಂಡಿ ಎಲ್ಲಿದೆಯೆಂಬುದು ಗೊತ್ತಿರುತ್ತದೆ.

ಇದನ್ನೆಲ್ಲ ಓದಿ, ಪರವಾಗಿಲ್ಲ, ನಮ್ಮಲ್ಲಿ ಇಂಥ ರಗಳೆಯಿಲ್ಲ ಎಂದು ಸಮಾಧಾನಪಡುವಂತಿಲ್ಲ. ನಮ್ಮ ಬೇಲಿಯಲ್ಲಿ ಕಿಂಡಿಯಿಲ್ಲ ನಿಜ, ಬೇಲಿಯೇ ಇಲ್ಲ. 2012ರ ಡಿಸೆಂಬರ್‌ನಲ್ಲಿ ನಮ್ಮ ಸಂಸತ್ತು ವಾಲ್‌ಮಾರ್ಟ್ ವಿಷಯವಾಗಿ ಕೋಲಾಹಲದಲ್ಲಿ ಮುಳುಗಿದ್ದನ್ನು ನೆನೆಯಬಹುದು. 2008ರಿಂದ ಆ ಕಂಪನಿ ಅಮೆರಿಕದಲ್ಲಿ ಲಾಬಿಗೆ ಸುಮಾರು 2.5 ಕೋಟಿ ಡಾಲರ್ ಖರ್ಚು ಮಾಡಿದೆ, ಭಾರತದ ಮಾರುಕಟ್ಟೆ ಪ್ರವೇಶವೂ ಅದರ ವಿಷಯಗಳಲ್ಲೊಂದು ಎಂಬುದು ನಮಗೆ ತಿಳಿದದ್ದು ಹೇಗೆ? ಅಮೆರಿಕದ ಸೆನೆಟ್‌ಗೆ ಕಂಪನಿ ಸಲ್ಲಿಸಿದ ವರದಿಗಳಿಂದ. ಸರ್ಕಾರ ನೇಮಿಸಿದ ನಿವೃತ್ತ ನ್ಯಾಯಮೂರ್ತಿ ಮುಕುಲ್ ಮುದ್ಗಲ್ ಅವರ ಸಮಿತಿಗೆ ಖಚಿತ ತೀರ್ಮಾನಕ್ಕೆ ಬರಲಾಗಲಿಲ್ಲ. ಭಾರತದ ನೆಲದಲ್ಲಿ ನಡೆದದ್ದೇನೆಂದು ತೋರಿಸುವ ನೋಂದಣಿ ಪುಸ್ತಕ ಇಲ್ಲಿರಲಿಲ್ಲ, ಇಂದಿಗೂ ಇಲ್ಲ.

ಇನ್ನೂ ಈಚಿನ ನಿದರ್ಶನವಿದೆ. ಅಮೆರಿಕ ಭಾರತದ ಸರಕುಗಳ ಮೇಲೆ ಶೇ 50ರ ಸುಂಕ ಹೇರಿದ 2025ರ ಆಗಸ್ಟ್‌ನಲ್ಲಿ, ವಾಷಿಂಗ್ಟನ್ನಿನ ನಮ್ಮ ರಾಯಭಾರ ಕಚೇರಿ ಮರ್ಕ್ಯುರಿ ಎಂಬ ಲಾಬಿ ಸಂಸ್ಥೆಯನ್ನು ತಿಂಗಳಿಗೆ 75 ಸಾವಿರ ಡಾಲರ್ ಶುಲ್ಕಕ್ಕೆ ಗೊತ್ತುಮಾಡಿಕೊಂಡಿತು. ನಮ್ಮ ಪರ ಕೆಲಸ ಮಾಡಲು ಹೆಸರಿಸಲಾದವರಲ್ಲಿ ಮಾಜಿ ಸೆನೆಟರ್ ಡೇವಿಡ್ ವಿಟರ್ ಕೂಡ ಒಬ್ಬರು. ಈ ವಿವರಗಳು ಬಹಿರಂಗವಾದದ್ದು ವಿದೇಶಿ ಸರ್ಕಾರಗಳ ಪ್ರತಿನಿಧಿಗಳಿಗಾಗಿ ಅಮೆರಿಕ 1938ರಲ್ಲಿ ಮಾಡಿದ ಕಾನೂನಿನಿಂದ. ಅದರಲ್ಲಿ ಶೇ 20ರ ಗೊಡವೆಯಿಲ್ಲ. ಅಂದರೆ, ಕಿಂಡಿಯಿಲ್ಲದ ಬೇಲಿ ಹಾಕುವುದು ಆ ದೇಶಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಸ್ವದೇಶಿ ಕಂಪನಿಗಳ ವಿಷಯದಲ್ಲಿ ಅದನ್ನು ಬಳಸುವ ಮನಸ್ಸು ಶಾಸಕರಿಗಿಲ್ಲ. ನಾಳೆ ತಾವೂ ಮಾಜಿಗಳಾಗುವವರಲ್ಲವೇ?

ಹಳೆಯ ಸಂಬಂಧಗಳ ಬಲವೇನೆಂಬುದು ನಮ್ಮ ಸಂವಿಧಾನ ರಚಿಸಿದವರಿಗೆ ಚೆನ್ನಾಗಿ ಗೊತ್ತಿತ್ತು. ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಾಗಿದ್ದವರು ನಿವೃತ್ತಿಯ ಬಳಿಕ ಭಾರತದ ಯಾವ ನ್ಯಾಯಾಲಯದಲ್ಲೂ ವಾದಿಸುವಂತಿಲ್ಲ ಎನ್ನುತ್ತದೆ 124ನೇ ವಿಧಿ. ಹೈಕೋರ್ಟಿನ ಕಾಯಂ ನ್ಯಾಯಮೂರ್ತಿಯಾಗಿದ್ದವರು ಅದೇ ಹೈಕೋರ್ಟಿನಲ್ಲಿ ವಕೀಲಿ ಮಾಡುವುದನ್ನು 220ನೇ ವಿಧಿ ತಡೆಯುತ್ತದೆ. ಐಎಎಸ್ ಅಧಿಕಾರಿಗಳು ನಿವೃತ್ತರಾದ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಬೇಕಾದರೆ ಸರ್ಕಾರದ ಅನುಮತಿ ಬೇಕು. ಕಾನೂನು ಮಾಡುವ ಸಂಸದರು, ಅದನ್ನು ಜಾರಿಗೊಳಿಸುವ ಸಚಿವರು ಮಾತ್ರ ಕುರ್ಚಿಯಿಂದೆದ್ದ ಮರುದಿನವೇ ಯಾವ ಕಂಪನಿಯ ಬಾಗಿಲಿಗಾದರೂ ಹೋಗಬಹುದು. ಯಾರನ್ನೂ ಕೇಳಬೇಕಿಲ್ಲ, ಯಾರಿಗೂ ಹೇಳಬೇಕಿಲ್ಲ. ಲಾಬಿಯನ್ನು ಬಹಿರಂಗಪಡಿಸುವಂತೆ ಮಾಡುವ ಖಾಸಗಿ ಮಸೂದೆಯನ್ನು ಒಡಿಶಾದ ಸಂಸದ ಕಾಳಿಕೇಶ ನಾರಾಯಣ ಸಿಂಗ್ ದೇವ್ 2013ರಲ್ಲಿ ಲೋಕಸಭೆಗೆ ತಂದಿದ್ದರು. ಖಾಸಗಿ ಸದಸ್ಯರ ಮಸೂದೆಯೊಂದು ನಮ್ಮಲ್ಲಿ ಕೊನೆಯ ಬಾರಿ ಕಾನೂನಾದದ್ದು 1970ರಲ್ಲಿ. ಅದರ ಗತಿಯೂ ಬೇರೆಯಾಗಲಿಲ್ಲ.

ಮಾಜಿ ಸಂಸದರೂ ಬದುಕಬೇಡವೇ, ಅವರ ಅನುಭವ ಸಮಾಜಕ್ಕೆ ಬೇಡವೇ ಎಂಬ ಆಕ್ಷೇಪ ಏಳಬಹುದು. ಖಂಡಿತ ಬೇಕು. ನೋಂದಣಿ ಎಂದರೆ ನಿಷೇಧವಲ್ಲ. ಊರಿಗೆ ರಸ್ತೆ ಬೇಕೆಂದು, ಶಾಲೆಗೆ ಕಟ್ಟಡ ಬೇಕೆಂದು ಮಾಜಿ ಶಾಸಕರೊಬ್ಬರು ವಿಧಾನಸೌಧದ ಮೆಟ್ಟಿಲು ಹತ್ತಿದರೆ ಅದು ಜನಸೇವೆ. ಅದಕ್ಕೆ ಯಾವ ಪುಸ್ತಕವೂ ಬೇಡ. ಗಣಿ ಕಂಪನಿಯಿಂದಲೋ ಔಷಧ ಕಂಪನಿಯಿಂದಲೋ ಹಣ ಪಡೆದು ಅದೇ ಮೆಟ್ಟಿಲು ಹತ್ತಿದರೆ ಅದು ವ್ಯಾಪಾರ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ತೆರ ಕಾಣುತ್ತವೆ. ಆದ್ದರಿಂದಲೇ ಹಣದ ಮಾತು ದಾಖಲಾಗಬೇಕು.

ಅಮೆರಿಕ ಎಡವಿದಲ್ಲೇ ನಾವೂ ಎಡವಬೇಕಿಲ್ಲ. ಕೆನಡಾದಲ್ಲಿ ಮಾಜಿ ಸಂಸದರಿಗೆ ಐದು ವರ್ಷ ಲಾಬಿ ನಿರ್ಬಂಧವಿದೆ. ಅಲ್ಲಿ ಹಣ ಪಡೆದು ಇನ್ನೊಬ್ಬರ ಪರ ಲಾಬಿ ಮಾಡುವ ಸಲಹೆಗಾರರಿಗೆ ಗಂಟೆಗಳ ವಿನಾಯಿತಿಯಿಲ್ಲ. ಒಂದು ಸಂಪರ್ಕವಾದರೂ ಸರಿ, ನೋಂದಣಿ ಕಡ್ಡಾಯ. ನಾವು ಕಾನೂನು ಮಾಡುವುದಾದರೆ ಅಳತೆಗೋಲು ಸಮಯವಾಗಬಾರದು, ಸಂಪರ್ಕವಾಗಬೇಕು. ಹೇಳುವ ಹೊಣೆ ಹೋದವರೊಬ್ಬರದ್ದೇ ಆಗಬಾರದು. ಯಾರನ್ನು, ಯಾವ ವಿಷಯಕ್ಕೆ ಭೇಟಿಯಾದೆನೆಂದು ಸಚಿವರೂ ಪ್ರಕಟಿಸಬೇಕು. ಒಂದು ಪುಸ್ತಕದಲ್ಲಿ ಅಡಗಿದ್ದು ಇನ್ನೊಂದರಲ್ಲಿ ಹೊರಬೀಳುತ್ತದೆ.

ಅಲ್ಲಿಯವರೆಗೆ ಕಾಯಬೇಕಾಗಿಯೂ ಇಲ್ಲ. ಮಾಜಿ ಸಂಸದರಿಗೆ ತಿಂಗಳಿಗೆ ಕನಿಷ್ಠ 31 ಸಾವಿರ ರೂಪಾಯಿ ಪಿಂಚಣಿ ಸಲ್ಲುತ್ತಿದೆ. ಅದು ಬೊಕ್ಕಸದ ಹಣ, ನಮ್ಮ ಹಣ. ನಿವೃತ್ತ ನೌಕರ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆಂದು ಪ್ರಮಾಣಪತ್ರ ಕೊಟ್ಟು ಪಿಂಚಣಿ ಪಡೆಯುತ್ತಾನೆ. ಮಾಜಿ ಜನಪ್ರತಿನಿಧಿಯೂ ವರ್ಷಕ್ಕೊಮ್ಮೆ ಒಂದು ಹಾಳೆ ತುಂಬಿ ಕೊಡಲಿ: ಈ ವರ್ಷ ಯಾರಿಂದ ಹಣ ಪಡೆದು ಸರ್ಕಾರದಲ್ಲಿ ಯಾರನ್ನು ಕಂಡೆ? ಯಾರಿಂದಲೂ ಪಡೆದಿಲ್ಲವೆಂದರೆ ಹಾಗೆಂದೇ ಬರೆಯಲಿ. ಹಾಳೆ ತುಂಬಲು ಹಿಂಜರಿಯುವವರು ಪಿಂಚಣಿಯ ಮೇಲಿನ ಆಸೆಯನ್ನಾದರೂ ಬಿಡಲಿ.